ಖಾಲಿ ಕುರ್ಚಿಗೆ ಹಾಕಿದ ಎಲೆ

ನಮ್ಮ ಕಡೆಯವರು ಹೋಗುವಾಗ 'ಹೋಗುತ್ತೇನೆ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತಾರೆ. ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತು, ಕಿಟಕಿಗಳಿಂದ ಉದುರುವ 'ಬತ್ತೀನಿ'ಗಳನ್ನು ಕೇಳಿಸಿಕೊಂಡ ಪರಸ್ಥಳದವರಿಗೆ ಈ ಊರಿನಿಂದ ಯಾರೂ ಹೋಗುವುದೇ ಇಲ್ಲವೇನೋ ಎನ್ನಿಸೀತು. ಅಶುಭವನ್ನು ಬಾಯಿಗೆ ತಂದುಕೊಳ್ಳಬಾರದೆಂಬ ಈ ಶಿಷ್ಟಾಚಾರವನ್ನು ನಾನು ಬಹಳ ಕಾಲ ಮೆಚ್ಚಿಕೊಂಡಿದ್ದೆ. ಈಗ ಅದನ್ನು ಕೇಳಿದರೆ ಸಣ್ಣಗೆ ಮೈ ಜುಮ್ಮೆನ್ನುತ್ತದೆ. ಆ ಭಯ ಹುಟ್ಟಿದ್ದು, ನಗಬೇಡಿ, ಪೋಕರ್ ಮೇಜಿನಲ್ಲಿ.

ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳು, ರಜೆಯಲ್ಲಿ ಪೋಕರ್ ಪಂದ್ಯಗಳಿಗೆ ಹೋಗುವವಳು. ಮಗಳು ವಿಚಾರ ಸಂಕಿರಣಕ್ಕೆ ಹೋಗಿದ್ದಾಳೆಂದು ಅಮ್ಮ ನೆರೆಯವರಿಗೆ ಹೇಳುತ್ತಾಳೆ. ಹತ್ತು ಜನ ಮೇಜಿನ ಸುತ್ತ ಕೂತು ಒಬ್ಬರನ್ನೊಬ್ಬರು ನಂಬದಿರುವ ಕಾರ್ಯಕ್ರಮವಾದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಮೇಜಿನಲ್ಲಿ ಸಾಮಾನ್ಯವಾಗಿ ನಾನೊಬ್ಬಳೇ ಹೆಂಗಸು. ಕೈಯಲ್ಲಿರುವುದನ್ನು ಮುಖ ಹೇಳಬಾರದೆಂಬ ಮೊದಲ ಪಾಠವನ್ನು ಗಂಡಸರು ಕಪ್ಪು ಕನ್ನಡಕ ಹಾಕಿಕೊಂಡು ಕಷ್ಟಪಟ್ಟು ಕಲಿಯುತ್ತಾರೆ. ಹೆಣ್ಣು ನೋಡಲು ಬಂದವರೆದುರು ಏಳು ಸಲ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ನನಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಎಲೆ ಹಿಡಿಯುವುದನ್ನು ಮಾತ್ರ ಕಲಿಸಿದ್ದು ಅಪ್ಪ. ಇಸ್ಪೀಟಿನ ಎಲೆಗೂ ಊಟದ ಎಲೆಗೂ ಒಂದೇ ಹೆಸರಿಟ್ಟ ಭಾಷೆಯಲ್ಲಿ ಹುಟ್ಟಿದವಳಿಗೆ ಇದರಲ್ಲಿ ಪಾಪವೇನೂ ಕಾಣಲಿಲ್ಲ. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ರೈಲು ಹತ್ತಿ ಹೋದವನು ಮತ್ತೆ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಆತನ ಮಾತೆಂದು ನನ್ನಲ್ಲಿ ಉಳಿದಿರುವುದು ಒಂದೇ: ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಗ್ಗಿ, ನನ್ನ ಕಿವಿಯ ಹತ್ತಿರ, 'ಬತ್ತೀನಿ ಕಣವ್ವ' ಎಂದದ್ದು.

ಅಮ್ಮ ಅದನ್ನೂ ಒಪ್ಪುವುದಿಲ್ಲ. "ನೀನೆಲ್ಲಿದ್ದೆ ಸ್ಟೇಶನ್ನಲ್ಲಿ? ಸ್ಕೂಲಲ್ಲಿದ್ದೆ ಕಣೇ. ಯಾರಿಗೂ ಒಂದು ಮಾತು ಹೇಳ್ದೆ ಹೋದ ಮನುಷ್ಯ" ಎನ್ನುತ್ತಾಳೆ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಲೆ ಹಾಕಿ ಎಡೆ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ಕೂರುವುದುಂಟು. ಅಪ್ಪನ ಹೆಸರಿಗೂ ಒಂದು ಎಲೆ ಹಾಕಲು ಹೋದಾಗಲೆಲ್ಲ, 'ಬತ್ತೀನಿ ಅಂದವ್ರೆ, ಹಾಕಬೇಡ' ಎಂದು ನಾನು ಅತ್ತು ತಡೆಯುತ್ತಿದ್ದೆನಂತೆ. ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ವಿಶ್ವಾಸವಿಲ್ಲ, ಅದಕ್ಕೇ ದಿನಚರಿ ಬರೆಯುತ್ತೇನೆ. ಆದರೂ ಈ ಒಂದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಇದು ಸುಳ್ಳಾದರೆ ಅಪ್ಪ ಪೂರ್ತಿ ಹೋದ ಹಾಗೆ.

ಕಳೆದ ಬೇಸಿಗೆಯಲ್ಲಿ ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯ ಒಂದು ರೆಸಾರ್ಟಿನಲ್ಲಿ ಪಂದ್ಯ. ಬೆಳಿಗ್ಗೆ ಶುರುವಾದದ್ದು ಊಟದ ಹೊತ್ತಿಗೆ ಹತ್ತು ಜನಕ್ಕೆ ಇಳಿಯಿತು. ಇನ್ನೊಬ್ಬರು ಹೊರಬಿದ್ದರೆ ಉಳಿದ ಒಂಬತ್ತು ಮಂದಿಗೂ ಗೋವಾದ ದೊಡ್ಡ ಪಂದ್ಯಕ್ಕೆ ಪ್ರವೇಶ. ಆ ಪ್ರವೇಶಕ್ಕಾಗಿ ನಾನು ಆರು ವರ್ಷ ಹಂಬಲಿಸಿದ್ದೆ. ನನ್ನ ಬಲಗಡೆ ಕೂತಿದ್ದವರು ಮಾದಿಹಳ್ಳಿಯ ನಂಜೇಗೌಡರು, ಅರವತ್ತು ದಾಟಿದ ತೆಂಗಿನ ತೋಟದವರು. ನಮ್ಮಿಬ್ಬರ ಮುಂದೆ ಉಳಿದಿದ್ದ ಪಂಥದ ಬಿಲ್ಲೆಗಳೇ ಎಲ್ಲರಿಗಿಂತ ಕಡಿಮೆ; ಅವು ಮುಗಿದವರು ಆಟದಿಂದ ಹೊರಗೆ.

"ಮೇಡಮ್ಮೋರೆ, ನಿಮ್ದೂ ಸಣ್ಣ ಕುಪ್ಪೆ, ನಂದೂ ಸಣ್ಣ ಕುಪ್ಪೆ. ಇಬ್ರಲ್ಲಿ ಒಬ್ರದ್ದು ತಿಥಿ ಇವತ್ತು" ಎಂದು ಗೌಡರು ನಗುತ್ತಿದ್ದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಎದ್ದರು. ನನ್ನ ಕಿವಿಯ ಹತ್ತಿರ 'ಬತ್ತೀನಿ' ಎಂದು ಕೇಳಿಸಿತು. ತಲೆಯೆತ್ತುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಪೋಕರಿನ ಒಂದು ನಿಯಮವನ್ನು ಇಲ್ಲಿ ಹೇಳಬೇಕು. ಆಟಗಾರ ಎದ್ದು ಹೋದರೂ ಅವನ ಕುರ್ಚಿಯ ಮುಂದೆ ಎಲೆ ಹಾಕುತ್ತಲೇ ಇರಬೇಕು. ಅವನ ಸರದಿ ಬಂದಾಗ ಕಡ್ಡಾಯದ ಬಿಲ್ಲೆಗಳನ್ನು ಅವನ ರಾಶಿಯಿಂದಲೇ ಎತ್ತಿ ನಡುವೆ ಇಡಬೇಕು. ಮುಟ್ಟುವವರಿಲ್ಲದ ಆ ಎಲೆಗಳು ಕ್ಷಣಹೊತ್ತು ಬೋರಲು ಮಲಗಿರುತ್ತವೆ, ಆಮೇಲೆ ಹಿಂದಕ್ಕೆ ಹೋಗುತ್ತವೆ. ಕುರ್ಚಿ ಖಾಲಿ, ಆದರೆ ರಾಶಿ ಕರಗುತ್ತದೆ, ಯಾರೋ ನಿಧಾನವಾಗಿ ಉಣ್ಣುತ್ತಿರುವ ಹಾಗೆ.

ಸಂಖ್ಯಾಶಾಸ್ತ್ರದ ಪ್ರಕಾರ ನನಗಿಂತ ಅದೃಷ್ಟವಂತೆ ಇರಲಿಲ್ಲ: ಗೌಡರ ರಾಶಿ ನನ್ನದಕ್ಕಿಂತ ಮೊದಲು ಕರಗಿದರೆ ಸಾಕು, ಗೋವಾ ನನ್ನದು. ಗೌಡರ ಬಿಲ್ಲೆಗಳು ನಡುವೆ ಬಿದ್ದಾಗಲೆಲ್ಲ ಉಳಿದವರು ನಾ ಮುಂದು ತಾ ಮುಂದು ಎಂದು ಪಂಥ ಏರಿಸಿ ಎಳೆದುಕೊಳ್ಳುತ್ತಿದ್ದರು. ಒಂದು ಸಲ ಅವರ ಬಿಲ್ಲೆಗಳು ಬಿದ್ದ ಆಟದಲ್ಲೇ ನನಗೆ ಜೋಡಿ ರಾಣಿಯರು ಬಂದರು. ಅರಸಿಯ ಹೆಸರಿನ ಕೆರೆಯವಳನ್ನು ಇಬ್ಬರು ಅರಸಿಯರು ಅರಸಿ ಬಂದಿದ್ದರು! ನಾನು ಆ ಆಟ ಬಿಟ್ಟು ಎಲೆ ಎಸೆದೆ. ಎಡೆಗೆ ಕೈ ಹಾಕಿದಂತಾಗುತ್ತದೆ ಎನ್ನಿಸಿಬಿಟ್ಟಿತ್ತು. ಅದೂ ಬರುತ್ತೇನೆಂದು ಹೇಳಿ ಹೋದವರದ್ದಕ್ಕೆ.

ಎಸೆಯುವಾಗ ಒಂದೆಲೆ ಮಗುಚಿ ರಾಣಿಯ ಮುಖ ಕಂಡಿತು. ಕಪ್ಪು ಕನ್ನಡಕದವನೊಬ್ಬ ತಡೆಯಲಾರದೆ, "ಏನ್ ಮೇಡಂ, ರಾಣಿನೇ ಬಿಸಾಕ್ತಿದ್ದೀರಲ್ಲ? ಆ ಯಜಮಾನ್ರು ಬರಲ್ಲ ಬಿಡಿ" ಎಂದ.

"ಬರ್ತೀನಿ ಅಂದಿದ್ದಾರೆ" ಎಂದೆ.

ಮೇಜೆಲ್ಲ ನಕ್ಕಿತು. ಆಗಲೇ ನನಗೆ ಕೊಬ್ಬರಿಯ ವಾಸನೆ ಗಮನಕ್ಕೆ ಬಂದದ್ದು. ತೋಟದವರ ಪಕ್ಕದಲ್ಲಿ ಅದೇನೂ ವಿಶೇಷವಲ್ಲ. ಆದರೆ ಗೌಡರು ಎದ್ದು ಹೋದ ಮೇಲೆ ಅದು ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಎರಡು ಸುತ್ತಿನ ನಂತರ ನನ್ನ ಕೊನೆಯ ಬಿಲ್ಲೆಗಳೂ ಹೋದವು. ಗೌಡರ ಮುಂದೆ ಒಂದೇ ಒಂದು ಬಿಲ್ಲೆ ಉಳಿದಿತ್ತು. ಗೋವಾಕ್ಕೆ ಪ್ರವೇಶ ಸಿಕ್ಕಿದ್ದು ಆ ಕುರ್ಚಿಗೆ. ಬುದ್ಧಿವಂತರೆದುರು ಸೋತವರುಂಟು, ಮೂರ್ಖರೆದುರು ಸೋತವರೂ ಉಂಟು, ಪೀಠೋಪಕರಣದೆದುರು ಸೋತವಳು ನಾನೊಬ್ಬಳೇ ಇರಬೇಕು. ಆ ಸಂಜೆ ದಿನಚರಿಯಲ್ಲಿ ಬರೆದೆ: 'ಗೌಡರು ಬತ್ತೀನಿ ಅಂದರು, ಬರಲಿಲ್ಲ. ನಾನು ಆ ಕುರ್ಚಿಯ ಕಡೆ ಒಮ್ಮೆಯೂ ತಿರುಗಲಿಲ್ಲ.'

ಹದಿನೈದು ದಿನ ಆ ಮಾತು ಕಿವಿಯಿಂದ ಇಳಿಯಲಿಲ್ಲ. ಕೊನೆಗೆ ಬಸ್ಸು ಹತ್ತಿ ಮಾದಿಹಳ್ಳಿಗೇ ಹೋದೆ. ಗೌಡರು ಕೊಟ್ಟಿಗೆಯ ಮುಂದೆ ಹುಲ್ಲು ಹಾಕುತ್ತಿದ್ದರು.

"ಬನ್ನಿ ಬನ್ನಿ, ನಂಗೆ ಗೋವಾ ಬಿಟ್ಕೊಟ್ಟ ಮಹಾತಾಯಿ! ಲೇ, ಕಾಫಿ ಇಡೇ, ರಾಣಿ ಬಿಸಾಕಿದ ಮೇಡಮ್ಮೋರು ಬಂದವ್ರೆ" ಎಂದು ಹೆಂಡತಿಗೆ ಕೂಗಿದರು. ನನ್ನ ಕೀರ್ತಿ ಆಗಲೇ ಮಾದಿಹಳ್ಳಿ ತಲುಪಿತ್ತು.

"ಬತ್ತೀನಿ ಅಂತ ಹೇಳಿ ಹೋದ್ರಲ್ಲ ಗೌಡ್ರೆ?" ಎಂದೆ.

"ನಾನೆಲ್ಲಂದೆ? ಹಸ ಕರ ಹಾಕ್ತಾ ಐತೆ ಅಂತ ಮನೆಯಿಂದ ಫೋನು. ಕಿವೀಗಿಟ್ಕಂಡೇ ಎದ್ದೆ. ನಿಮ್ಮತ್ರ ತುಟಿ ಬಿಚ್ಚಲಿಲ್ಲ ಕಣ್ರೀ." ಹುಲ್ಲಿನ ಕಟ್ಟು ಕೆಳಗಿಟ್ಟು ನನ್ನನ್ನೇ ನೋಡಿದರು. "ಆಮೇಲೆ ವಾಪಸ್ ಬಂದೆ, ಬರ್ಲಿಲ್ಲ ಅನ್ಬೇಡಿ. ಗಾಜಿನ ಬಾಗ್ಲಿಂದ ನೋಡುದ್ರೆ ನನ್ ಕುರ್ಚೀಲಿ ಯಾರೋ ಕೂತವ್ರೆ. ಬೆನ್ನು ಕಾಣ್ತಿತ್ತು. ನೀವು ಅವ್ರ ಕಡೆ ವಾಲ್ಕಂಡು, ಕೈಯಾಗಿದ್ದ ಎಲೆ ತೋರುಸ್ಕಂಡು ನಗ್ತಾ ಇದ್ರಿ, ಸಣ್ಣ ಹುಡ್ಗೀರಂಗೆ. ಓ, ಜಾಗ ಬೇರೆಯವ್ರಿಗೆ ಕೊಟ್ರು ಅಂದ್ಕಂಡು ಹಸುನ ನೋಡೋಕೆ ಹೊಂಟ್ ಬಂದೆ."

ವಿವರಣೆಗಳು ನನ್ನಲ್ಲಿ ಬೇಕಾದಷ್ಟಿವೆ. ಗಾಜಿನ ಮೇಲೆ ಬಿಸಿಲಿತ್ತು, ಗೌಡರ ಕಣ್ಣಿಗೆ ವಯಸ್ಸಾಗಿದೆ, ಅವರು ಇಣುಕಿದ್ದು ಪಕ್ಕದ ಕೋಣೆಯೂ ಇರಬಹುದು. ದಿನಚರಿಯನ್ನು ನಂಬುವುದಾದರೆ ನಾನು ಆ ಕಡೆ ತಿರುಗಿಯೇ ಇಲ್ಲ. ಆದರೆ ಅದೇ ದಿನಚರಿ, ತುಟಿ ಬಿಚ್ಚದ ಗೌಡರ ಬಾಯಲ್ಲಿ 'ಬತ್ತೀನಿ' ಎಂದೂ ಬರೆದಿದೆ. ಯಾವ ವಾಕ್ಯವನ್ನು ಹೊಡೆದುಹಾಕಲಿ?

ಆ ಕುರ್ಚಿಯಲ್ಲಿ ಕೂತಿದ್ದವರು ತೊಟ್ಟಿದ್ದ ಅಂಗಿ ಯಾವ ಬಣ್ಣದ್ದೆಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಗೌಡರು ಬಿಳಿ ಎಂದಿದ್ದರೆ ಬಿಳಿ, ನೀಲಿ ಎಂದಿದ್ದರೆ ನೀಲಿ, ನಾನು ಮನೆ ಮುಟ್ಟುವುದರೊಳಗೆ ನನ್ನ ನೆನಪು ಅಪ್ಪನಿಗೆ ಅದನ್ನೇ ತೊಡಿಸಿ ಗುಂಡಿ ಹಾಕಿರುತ್ತಿತ್ತು.