ಎಡಗೈಯ ವಿಭೂತಿ

ಅವ್ವನ ಎಡಗೈಗೆ ಲಕ್ವ ಹೊಡೆದಾಗ ಅವಳಿಗೆ ಕೈ ಹೋದ ದುಃಖಕ್ಕಿಂತ ಲಿಂಗಪೂಜೆಯ ಚಿಂತೆಯೇ ದೊಡ್ಡದಾಯಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನನ್ನೂ ಹಾಕದವಳು. ಡಾಕ್ಟರು ಬೈದರೂ ಉಪವಾಸ ಕೂತಳು. ಕಡೆಗೆ ನನ್ನನ್ನು ಕರೆದು, "ನಿನ್ನ ಕೈ ಕೊಡು, ಅದರ ಮ್ಯಾಲ ಇಟ್ಟು ಮಾಡ್ತೀನಿ" ಎಂದಳು.

ನಾನು ಶಹಾಬಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಇರುವುದೆಲ್ಲ ಜಡವಸ್ತುವೇ, ದೇವರು ಮನುಷ್ಯನ ಕಲ್ಪನೆ ಎಂದು ಹೋಟೆಲಿನಲ್ಲಿ ಚಹಾ ಆರುವವರೆಗೆ ವಾದ ಮಾಡುತ್ತಿದ್ದವನು. ನನ್ನ ಲಿಂಗವನ್ನು ಗುಲ್ಬರ್ಗದ ಕಾಲೇಜು ಸೇರಿದಾಗಲೇ ಬಿಚ್ಚಿಟ್ಟಿದ್ದೆ.

"ನನಗ ನಂಬಿಕಿ ಇಲ್ಲಲ್ಲ ಅವ್ವಾ?"

"ನಿನ್ನ ನಂಬಿಕಿ ಯಾರು ಕೇಳ್ಯಾರೋ? ಕೈ ಅಲ್ಲಾಡಿಸಬ್ಯಾಡ, ಅಷ್ಟ ಸಾಕು."

ಅಂದಿನಿಂದ ದಿನಾ ಬೆಳಿಗ್ಗೆ ಅವಳೆದುರು ಕೂತು ಅಂಗೈ ಚಾಚುತ್ತಿದ್ದೆ. ಅವಳು ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಬಿಲ್ವದೆಲೆ ಇಡುತ್ತಿದ್ದಳು. ಸುಳ್ಳೇಕೆ ಹೇಳಲಿ, ಆ ಹೊತ್ತು ಮನಸ್ಸಿಗೆ ಹಿತವಾಗುತ್ತಿತ್ತು. ಹಿತವಾಗುತ್ತದಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಥೂ, ಎಂಥ ನಾಸ್ತಿಕನಪ್ಪಾ ನಾನು!

ಒಂದು ದಿನ ಕ್ಲಾಸಿನಲ್ಲಿ ಜೀವವಿಕಾಸದ ಪಾಠ. ಬೋರ್ಡಿನ ಮೇಲೆ ಮಂಗನ ಕೈಯೆಲುಬು ಬರೆದು, ನಮ್ಮದೂ ಹೀಗೇ ಎಂದು ಎಡಗೈ ಎತ್ತಿ ತೋರಿಸಿದೆ. ಕೊಂಬೆ ಹಿಡಿಯುತ್ತಿದ್ದ ಕೈಯೇ ಬದಲಾಗುತ್ತ ಬಂದು ಹೀಗಾಯಿತು, ಯಾವ ದೇವರೂ ಮಾಡಿಕೊಟ್ಟಿದ್ದಲ್ಲ ಎಂದೆ. ನಮ್ಮ ಓಣಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನಿಮ್ಮ ಕೈಯಾಗ ಈಬತ್ತಿ ಅದರಿ."

"ಖಡುವಿನ ಪುಡಿ ಅದು. ಕೂಡು!" ಎಂದು ಗದರಿದೆ.

ಬರೆಯುವ ಖಡು ಇದ್ದದ್ದು ಬಲಗೈಯಲ್ಲಿ. ಇಡೀ ಕ್ಲಾಸಿಗೆ ಕಾಣುತ್ತಿತ್ತು. ಯಾರೂ ನಗಲಿಲ್ಲ.

ಸಂಜೆ ಅವ್ವ, "ಇವತ್ತ ಏನು ಕಲಿಸ್ದಿ?" ಎಂದು ಕೇಳಿದಳು. "ಗಿಡದ ಬೇರು" ಎಂದೆ. ಅಲ್ಲೂ ಸುಳ್ಳು, ಇಲ್ಲೂ ಸುಳ್ಳು. ಮಂಗನಿಂದ ಬಂದೆ ಎನ್ನಲು ನನಗೆ ನಾಚಿಕೆಯಿರಲಿಲ್ಲ, ಅವ್ವನಿಂದ ಬಂದೆ ಎನ್ನಲು ನಾಚಿದ್ದೆ.

ಮರುದಿನ ಪೂಜೆ ಮುಗಿದ ಮೇಲೂ ಅವಳು ನನ್ನ ಕೈ ಬಿಡಲಿಲ್ಲ. ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಅಂಗೈ ಒರೆಸತೊಡಗಿದಳು.

"ಏನ್ ಮಾಡಾಕತ್ತಿ ಅವ್ವಾ?"

"ಓಣಿ ಹುಡುಗಿ ಹೇಳ್ತು. ಸಾಲ್ಯಾಗ ನಾಲ್ಕು ಹುಡುಗರ ಮುಂದ ನಿನ್ನ ಮಾನ ಹೋಗಬಾರದು. ತಡಿ, ಬೆರಳ ಸಂದ್ಯಾಗ ಇನ್ನಾ ಒಂಚೂರು ಉಳದದ."

ಆಮೇಲೆ ಬದುಕಿದ್ದಷ್ಟು ದಿನವೂ ನನ್ನ ಕೈ ಒರೆಸಿಯೇ ಅವಳು ಉಣ್ಣಲು ಕೂರುತ್ತಿದ್ದಳು. ಬೇಡ ಎಂದು ನಾನು ಒಮ್ಮೆಯೂ ಅನ್ನಲಿಲ್ಲ.