ಗಿಡ್ಡ ಬೋಲ್ಟು

ತೇರದಾಳದ ಜಿನ್ನಪ್ಪನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಊಟಕ್ಕೆ ಕೂಡುತ್ತಿರಲಿಲ್ಲ. ಇರುವೆ ಸಾಲು ಕಂಡರೆ ಬಳಸಿ ಹೋಗುತ್ತಿದ್ದರು. ಅಂಥ ಜೈನರ ಮನೆಯಲ್ಲಿ ಸುಮನ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದಳು. ಸಾಲೆಯಲ್ಲಿ ಜಡೆ ಎಳೆದ ಹುಡುಗನ ಹಲ್ಲು ಉದುರಿಸಿದ್ದಳು. ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಓದುವಾಗ ಬೆನ್ನ ಹಿಂದೆ ಕೊಳಕು ಮಾತಾಡಿದವನ ಕೊರಳಪಟ್ಟಿ ಹಿಡಿದು ಗೋಡೆಗೆ ಗುದ್ದಿದ್ದಳು. "ಇಕಿ ನಮ್ಮ ಪೈಕಿ ಅಲ್ಲ" ಎಂದು ಅವ್ವ ಬಾಳವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅವಳ ಅಪ್ಪನ ತಮ್ಮ, ಕಾಕಾ ಧನಪಾಲನದು ಬನಹಟ್ಟಿ ರಸ್ತೆಯಲ್ಲಿ ಒಂದು ವರ್ಕ್‌ಶಾಪ್. ಮೊದಲು ಮಗ್ಗಗಳ ಗಾಲಿ, ದಂಡಗಳನ್ನು ಮಾಡುತ್ತಿದ್ದ. ಸುತ್ತ ಕಬ್ಬು ಹಬ್ಬಿದ ಮೇಲೆ ಸಕ್ಕರೆ ಕಾರ್ಖಾನೆಗಳ ಯಂತ್ರಗಳಿಗೆ ಕೈ ಹಾಕಿದ. ತೊಂಬತ್ತೈದರ ಸುಮಾರಿಗೆ ಕಂಪ್ಯೂಟರ್ ಒಂದನ್ನು ತರಿಸಿ, ಸುಮನಳನ್ನು ಪುಣೆಗೆ ಕಳಿಸಿ ಫೈನೈಟ್ ಎಲಿಮೆಂಟ್ ಕಲಿಸಿದ. ಯಂತ್ರದ ಭಾಗವೊಂದನ್ನು ಪರದೆಯ ಮೇಲೆ ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಭಾರ ಹೇರಿ, ಎಲ್ಲಿ ಮುರಿದೀತು ಎಂದು ಮುಂಚೆಯೇ ನೋಡುವ ವಿದ್ಯೆ ಅದು. ನೀಲಿ ಬಣ್ಣ ಬಂದರೆ ಕ್ಷೇಮ, ಕೆಂಪು ಬಂದರೆ ಅಪಾಯ. ಕಾಕಾ ಬಂದವರಿಗೆಲ್ಲ ಆ ಬಣ್ಣದ ಚಿತ್ರ ತೋರಿಸಿ ಮೀಸೆ ತಿರುವುತ್ತಿದ್ದ. ಆದರೆ ಯಂತ್ರಗಳ ಅಳತೆಯನ್ನು ಮಾತ್ರ ತಾನೇ, ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೀಚಿ ಹೇಳುತ್ತಿದ್ದ.

ಆ ವರ್ಷದ ಕಬ್ಬಿನ ಸೀಜನ್ನಿಗೆ ಮುಧೋಳದ ಆಚೆಯ ಒಂದು ಕಾರ್ಖಾನೆಗೆ ಅವನು ಹೊಸ ಕಟರ್ ಮಾಡಿಕೊಟ್ಟಿದ್ದ. ಕಬ್ಬು ಗಾಣಕ್ಕೆ ಬೀಳುವ ಮೊದಲು ಅದನ್ನು ಚೂರು ಮಾಡುವ ಯಂತ್ರ ಅದು. ದಪ್ಪ ದಂಡಕ್ಕೆ ಸಾಲಾಗಿ ತಟ್ಟೆಗಳು, ತಟ್ಟೆಗಳಿಗೆ ಬೋಲ್ಟು ಹಾಕಿ ಬಿಗಿದ ಮೊಳದುದ್ದದ ಚೂರಿಗಳು. ಅದು ತಿರುಗುವಾಗ ಚೂರಿ ಕಣ್ಣಿಗೆ ಕಾಣುವುದಿಲ್ಲ, ಬರೀ ಹೊಗೆಯಂತೆ ಕಾಣುತ್ತದೆ.

ಬಿಡಿ ತಟ್ಟೆಗಳ ಅಳತೆ ತೆಗೆಯಲು ಸುಮನ ಅಲ್ಲಿಗೆ ಹೋದ ದಿನವೇ ಅದು ನಡೆಯಿತು. ಬಾಳು ಎಂಬ ಹುಡುಗ, ಮದುವೆಯಾಗಿ ವರ್ಷ ತುಂಬದವನು, ಕಟರಿಗೆ ಕಬ್ಬು ಒಯ್ಯುವ ಪಟ್ಟೆಯ ಬಳಿ ಕಬ್ಬು ಸರಿಸುತ್ತ ನಿಂತಿದ್ದ. ಸುಮನಳನ್ನು ಕಂಡು, "ಹಿಂದ ಸರೀರಿ ಅಕ್ಕಾರ, ಸಿಬರು ಹಾರತಾವು" ಎಂದ. ಅವಳು ಹಿಂದೆ ಸರಿದಳು. ಕಟರಿನೊಳಗೆ ಕಲ್ಲು ಸಿಕ್ಕಂತೆ ಒಂದು ಸದ್ದು, ಅದರ ಬೆನ್ನಿಗೇ ತಗಡು ಹರಿದ ಸದ್ದು. ಚೂರಿಯೊಂದು ಮುಚ್ಚಳ ಸೀಳಿಕೊಂಡು ಹೊರಬಿದ್ದು ಬಾಳುವಿನ ಎದೆಯನ್ನು ಹೆಗಲಿನವರೆಗೆ ತೆರೆದು, ಹಿಂದಿನ ಗೋಡೆಗೆ ನಾಟಿ ನಿಂತಿತು. ಬಾಳು ಕೂಗಲೂ ಇಲ್ಲ. ಕಬ್ಬಿನ ಪಟ್ಟೆ ತನ್ನ ಮೇಲೆ ಬಿದ್ದ ಅವನನ್ನು ಹೊತ್ತುಕೊಂಡು ಮುಂದೆ ಸಾಗುತ್ತಿತ್ತು. ಯಾರೋ ಓಡಿ ಬಂದು ಕರೆಂಟ್ ತೆಗೆಯುವಷ್ಟರಲ್ಲಿ ಬಿಳಿ ಚೂರೆಲ್ಲ ಕೆಂಪಾಗಿತ್ತು. ಮುರಿದ ಬೋಲ್ಟಿನ ತುಂಡೊಂದು ಸುಮನಳ ಕಾಲ ಬಳಿ ಬಂದು ಬಿತ್ತು. ಬಿಸಿಯಾಗಿತ್ತು. ಏಕೆಂದು ಗೊತ್ತಿಲ್ಲದೆ ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದಳು.

ಬಾಳುವಿನ ಅಣ್ಣ ಮುರಗೆಪ್ಪ ಕಬ್ಬು ಕಡಿಯುವ ಗ್ಯಾಂಗಿನ ಮುಖ್ಯಸ್ಥ. ಗಲಗಲಿಯವನು. ಆಗಷ್ಟೇ ಗಾಡಿಗಳ ಜೊತೆ ಬಂದು ಹೊರಗೆ ಚಹಾ ಕುಡಿಯುತ್ತಿದ್ದ. ಒಳಗೆ ಬಂದು ತಮ್ಮನನ್ನು ನೋಡಿದ. ಮುಖ ಮುಟ್ಟಿದ. ಆಮೇಲೆ ಕೇಳಿದ್ದು ಒಂದೇ ಮಾತು:

"ಬೋಲ್ಟ್ ಬಿಗಿ ಮಾಡಿದಾಂವ ಯಾವನ್ಲೇ?"

ಬಿಗಿ ಮಾಡಿದವನು ಫಿಟ್ಟರ್ ಹುಲೆಪ್ಪ, ಲೋಕಾಪುರದವನು. ನಟ್ಟು ಬಿಗಿಯುವ ಪಾನಾ ಕೈಯಲ್ಲೇ ಇತ್ತು. "ನಾ ಬಿಗಿ ಮಾಡೇನಿ, ದೇವರಾಣಿ ಮಾಡೇನಿ" ಎನ್ನುವಷ್ಟರಲ್ಲಿ ಮುರಗೆಪ್ಪನ ಹೊಡೆತ ಬಾಯಿಗೆ ಬಿತ್ತು. ಗ್ಯಾಂಗಿನವರು ಕಬ್ಬಿನ ಗಳ ಹಿಡಿದು ಮುತ್ತಿದರು. ಗಳಗಳು ಸೀಳಿ ಹೋದವು, ಹೊಸವು ಬಂದವು. ಸುಮನ ನಡುವೆ ನುಗ್ಗಿ ಒಬ್ಬನ ಅಂಗಿ ಹಿಡಿದು ಎಳೆದಳು. ಮತ್ತೊಬ್ಬನ ಮೊಳಕೈ ಹಣೆಗೆ ಬಡಿದು ನೆಲಕ್ಕೆ ಬಿದ್ದಳು. ಬಿದ್ದಲ್ಲಿಂದಲೇ ನೋಡಿದಳು: ಮುರಗೆಪ್ಪ ಹುಲೆಪ್ಪನ ಬಲಗೈಯನ್ನು ಕಬ್ಬಿಣದ ಕಂಬಿಯ ಮೇಲೆ ಇಟ್ಟು, ಹುಲೆಪ್ಪನದೇ ಪಾನಾದಿಂದ ಜಜ್ಜುತ್ತಿದ್ದ. "ಈ ಕೈ! ಈ ಕೈ!" ಎನ್ನುತ್ತಿದ್ದ.

ಪೊಲೀಸರು ಬಂದು ಹುಲೆಪ್ಪನನ್ನೇ ಹಿಡಿದರು. ನಿಷ್ಕಾಳಜಿಯಿಂದ ಸಾವಿಗೆ ಕಾರಣನಾದ ಎಂದು ಕೇಸು. ಜಮಖಂಡಿಯ ದವಾಖಾನೆಯಲ್ಲಿ ಅವನ ಮಂಚದ ಪಕ್ಕ ಒಬ್ಬ ಪೇದೆಯನ್ನು ಕೂರಿಸಿದರು. ಹೊರಗೆ ಮುರಗೆಪ್ಪ ಹೇಳಿ ಕಳಿಸಿದ್ದ: "ದವಾಖಾನಿ ಬಿಟ್ಟು ಹೊರಗ ಬರಲಿ, ಬಾಳು ಹೋದ ದಾರಿಗೆ ಕಳಸತೇನಿ."

ವಿಚಾರಣೆಗೆ ಯಂತ್ರ ಮಾಡಿದವರ ಹೇಳಿಕೆಯೂ ಬೇಕಾಯಿತು. "ಲಗೂ ಒಂದು ಚಿತ್ರ ತೆಗಿ ಸುಮನಾ, ನಮ್ಮ ಮಷಿನ್ ಛಲೋ ಐತಿ ಅಂತ" ಎಂದ ಕಾಕಾ. ಹಣೆಯ ಪಟ್ಟಿ ಬಿಚ್ಚದೆಯೇ ಅವಳು ಕಂಪ್ಯೂಟರ್ ಮುಂದೆ ಕುಳಿತಳು. ತಟ್ಟೆ, ಚೂರಿ ಬರೆದು, ಎರಡನ್ನೂ ಒಂದಕ್ಕೊಂದು ಅಂಟಿಸಿ, ಭಾರ ಹೇರಿದಳು. ಪರದೆಯ ತುಂಬ ನೀಲಿ. ಕಾಕಾ ಅವಳ ಬೆನ್ನು ತಟ್ಟಿದ. "ನೋಡು, ತಪ್ಪು ಆ ಫಿಟ್ಟರಂದು. ಖರೆ ಆತಲ್ಲ?"

ಅವನು ಹೋದ ಮೇಲೆ ಅವಳು ಚಿತ್ರವನ್ನು ಮತ್ತೆ ನೋಡಿದಳು. ಪರದೆಯ ಮೇಲೆ ಚೂರಿ, ತಟ್ಟೆ ಒಂದೇ ಉಕ್ಕಿನ ಗಟ್ಟಿಯಾಗಿದ್ದವು. ಅಲ್ಲಿ ಬೋಲ್ಟೇ ಇರಲಿಲ್ಲ. ಇಲ್ಲದ ಬೋಲ್ಟು ಮುರಿಯುವುದು ಹೇಗೆ?

ಅಳಿಸಿ ಮತ್ತೆ ಶುರು ಮಾಡಿದಳು. ಈ ಸಲ ಚೂರಿ ಬೇರೆ, ತಟ್ಟೆ ಬೇರೆ. ಎರಡೂ ಒಂದನ್ನೊಂದು ಒತ್ತಬಹುದು, ಉಜ್ಜಬಹುದು, ಆದರೆ ಎಳೆದು ಹಿಡಿಯುವಂತಿಲ್ಲ. ಹಿಡಿಯುವ ಕೆಲಸವೆಲ್ಲ ಬೋಲ್ಟಿನದು. ಮೊದಲು ಬೋಲ್ಟನ್ನು ಎಳೆದು ಬಿಗಿದಳು, ಆಮೇಲೆ ತಿರುಗಿಸಿದಳು, ಆಮೇಲೆ ಕಬ್ಬಿನ ಹೊಡೆತ ಕೊಟ್ಟಳು. ಒಂದೊಂದು ಲೆಕ್ಕ ಮುಗಿಯಲು ಇಡೀ ಹಗಲು ಹಿಡಿಯುತ್ತಿತ್ತು. ನಡುವೆ ಕರೆಂಟ್ ಹೋದರೆ ಎಲ್ಲ ಮೊದಲಿನಿಂದ. ಕೊನೆಗೂ ಉತ್ತರ ಬಂತು: ಬೋಲ್ಟು ಬಿಗಿಯಾಗಿದ್ದರೆ ಮುರಿಯುವುದಿಲ್ಲ.

ಹಾಗಿದ್ದರೆ ಹುಲೆಪ್ಪ ಸುಳ್ಳು ಹೇಳಿದನೇ? ಸೀದಾ ಜಮಖಂಡಿ ಬಸ್ಸು ಹಿಡಿದಳು.

ಹುಲೆಪ್ಪನ ಬಾಯಿ ಇನ್ನೂ ಊದಿತ್ತು. "ಬಿಗಿ ಮಾಡಿದ್ದಿ ಖರೆ ಏನು?" ಎಂದು ಸುಮನ ಗದರಿಸಿಯೇ ಕೇಳಿದಳು.

"ಪಾನಾಕ್ಕ ಪೈಪ್ ಹಾಕಿ ಜೋತು ಬಿದ್ದು ಬಿಗಿ ಮಾಡೇನ್ರಿ ಅಕ್ಕಾರ. ಹಳೇ ಕಟರ್ ಒಮ್ಮೆ ಬಿಗಿದ್ರ ತಿಂಗಳಗಟ್ಟಲೆ ನಿಲ್ಲತಿತ್ತು. ಇದು ಎರಡು ದಿನಕ್ಕ ಸಡ್ಲ ಆಗತಿತ್ತು. ಯಾಕ ಅಂತ ನನಗ ತಿಳೀಲಿಲ್ರಿ. ಬಾಳುನ ಆಣಿ." ಅವನು ಅತ್ತ. ಅತ್ತದ್ದು ಕೈಯ ನೋವಿಗಲ್ಲ. ಬಾಳು ದಿನಾ ಅವನ ಬುತ್ತಿಯಲ್ಲಿ ಕೈ ಹಾಕಿ ಉಣ್ಣುತ್ತಿದ್ದವನು.

ವರ್ಕ್‌ಶಾಪಿಗೆ ಮರಳಿ ಹಳೆಯ ಕಟರಿನ ತಟ್ಟೆ ಹುಡುಕಿ ತೆಗೆದಳು. ದಪ್ಪ ತಟ್ಟೆ, ಉದ್ದ ಬೋಲ್ಟು. ಹೊಸದರಲ್ಲಿ ಕಾಕಾ ತಟ್ಟೆಯನ್ನು ತೆಳ್ಳಗೆ ಮಾಡಿದ್ದ, ಅದಕ್ಕೆ ತಕ್ಕಂತೆ ಬೋಲ್ಟೂ ಗಿಡ್ಡವಾಗಿತ್ತು. ಸಾಲದ್ದಕ್ಕೆ ನಟ್ಟು ಕೂಡುವ ಜಾಗಕ್ಕೂ ಬಣ್ಣ ಬಳಿಸಿದ್ದ. ಬೋಲ್ಟು ಬಿಗಿಯುವುದು ಎಂದರೆ ಅದನ್ನು ಕೂದಲೆಳೆಯಷ್ಟು ಹಿಗ್ಗಿಸುವುದು. ಆ ಹಿಗ್ಗಿನ ಸೆಳೆತವೇ ಎರಡು ಭಾಗಗಳನ್ನು ಅಪ್ಪಿ ಹಿಡಿಯುತ್ತದೆ. ಉದ್ದ ಬೋಲ್ಟು ಹೆಚ್ಚು ಹಿಗ್ಗಿರುತ್ತದೆ, ಕೆಳಗಿನ ಬಣ್ಣ ಸವೆದರೂ ಸೆಳೆತ ಉಳಿಯುತ್ತದೆ. ಗಿಡ್ಡ ಬೋಲ್ಟು ಹಿಗ್ಗುವುದೇ ಚೂರು. ಅಷ್ಟು ಬಣ್ಣ ಸವೆದರೆ ಮುಗಿಯಿತು.

ಆ ಸವಕಳಿಯನ್ನೂ ಲೆಕ್ಕದಲ್ಲಿ ಹಾಕಿ ನೋಡಿದಳು. ಉದ್ದ ಬೋಲ್ಟು ನೀಲಿಯಾಗಿಯೇ ಉಳಿಯಿತು. ಗಿಡ್ಡ ಬೋಲ್ಟಿನ ಬಿಗಿತ ಸೋರಿಹೋಗಿ, ಒಂದೊಂದು ಹೊಡೆತಕ್ಕೂ ಚೂರಿಯ ಒಂದಂಚು ಬಾಯಿ ತೆರೆಯಿತು, ಬೋಲ್ಟಿನ ಕೊರಳು ಬಾಗಿತು, ಕೊರಳ ಸುತ್ತ ಕೆಂಪು ಹಬ್ಬಿತು. ಎತ್ತಿ ತಂದಿದ್ದ ತುಂಡನ್ನು ಬೆಳಕಿಗೆ ಹಿಡಿದಳು. ಮುರಿದ ಮುಖದ ಮೇಲೆ ನದಿ ದಂಡೆಯ ಉಸುಕಿನ ಮೇಲಿರುವಂಥ ಗೆರೆಗಳು. ಒಂದೇ ಏಟಿಗೆ ಮುರಿದದ್ದಲ್ಲ, ದಿನದಿನವೂ ಬಿರಿಯುತ್ತ ಬಂದದ್ದು.

"ಕಾಕಾ, ತಪ್ಪು ನಮ್ಮದು" ಎಂದಳು. "ಇಂಥಾದೇ ಇನ್ನೊಂದು ಕಟರ್ ಬೀಳಗಿ ಕಡೆ ತಿರಗಾಕತ್ತೇತಿ. ಈಗ ಫೋನ್ ಹಚ್ಚು, ನಿಲ್ಲಸು."

"ಸೀಜನ್ ನಡಬರಕ? ಹುಚ್ಚಿ ಏನ್ ನೀ? ಮೊದಲಿನ ನೀಲಿ ಚಿತ್ರ ಕೊಡು."

"ಕೊಡಂಗಿಲ್ಲ. ಅದು ಸುಳ್ಳು ಚಿತ್ರ."

ಇರುವೆ ತುಳಿಯದ ಮನೆತನದ ಧನಪಾಲ ಅವಳ ಕೆನ್ನೆಗೆ ಹೊಡೆದ. ಹಣೆಯ ಗಾಯ ಮತ್ತೆ ಬಿಚ್ಚಿ ರಕ್ತ ಕಣ್ಣಿಗಿಳಿಯಿತು. ಸುಮನ ಒರೆಸಿಕೊಳ್ಳಲಿಲ್ಲ. ಬೀಳಗಿಯ ಕಾರ್ಖಾನೆಗೆ ತಾನೇ ಫೋನ್ ಮಾಡಿ, "ಕಟರ್ ನಿಲ್ಲಸ್ರಿ, ಬೋಲ್ಟ್ ಬಿಚ್ಚಿ ನೋಡ್ರಿ" ಎಂದಳು. ಆಮೇಲೆ ವರ್ಕ್‌ಶಾಪಿನ ಜೀಪು ತೆಗೆದುಕೊಂಡು ಗಲಗಲಿಗೆ ಹೊರಟಳು. ಹುಲೆಪ್ಪನನ್ನು ಮರುದಿನ ಜಾಮೀನಿನ ಮೇಲೆ ದವಾಖಾನೆಯಿಂದ ಬಿಡುವವರಿದ್ದರು. ಮುರಗೆಪ್ಪನಿಗೆ ಅಷ್ಟರೊಳಗೆ ನಿಜ ತಿಳಿಯಬೇಕಿತ್ತು.

ಮುರಗೆಪ್ಪ ಅಂಗಳದಲ್ಲಿ ಕಬ್ಬು ಕಡಿಯುವ ಕೊಯ್ತಾ ಮಸೆಯುತ್ತ ಕುಳಿತಿದ್ದ. ತಾಯಿ ಕರೆವ್ವ ಗೋಡೆಗೆ ಒರಗಿದ್ದಳು. ಸುಮನ ನಿಂತುಕೊಂಡೇ ಹೇಳಿದಳು. ಬೋಲ್ಟಿನ ತುಂಡು ಕೈಗೆ ಕೊಟ್ಟು ಗೆರೆ ತೋರಿಸಿದಳು. ಅವನು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದ.

"ಹಂಗಾರ ಹುಲ್ಯಾ ಖರೆ ಹೇಳಿದ್ನ?"

"ಖರೆ ಹೇಳಿದ್ದ."

ಮುರಗೆಪ್ಪ ತನ್ನ ಎರಡೂ ಕೈ ನೋಡಿಕೊಂಡ. "ಮಷಿನ್ ಮಾಡಿದಾಂವ ಯಾರು?"

ಸುಮನ ಸುಳ್ಳು ಹೇಳಬಹುದಿತ್ತು. "ನಮ್ಮ ಕಾಕಾ" ಎಂದಳು.

ಕರೆವ್ವ ಮಗನ ಕಾಲು ಹಿಡಿದಳು. ಅವನು ಕೊಡವಿಕೊಂಡು ಕೊಯ್ತಾ ಸಮೇತ ಮೋಟರ್ ಸೈಕಲ್ ಹತ್ತಿದ. ಸುಮನ ಜೀಪಿನಲ್ಲಿ ಬೆನ್ನು ಹತ್ತಿದಳು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಅವನನ್ನು ಬಿಟ್ಟಿತು, ಅವಳನ್ನು ತಡೆಯಿತು. ವರ್ಕ್‌ಶಾಪಿಗೆ ಮುಟ್ಟಿದಾಗ ಕೆಲಸಗಾರರೆಲ್ಲ ಹೊರಗೋಡಿ ನಿಂತಿದ್ದರು. ಒಳಗೆ ಕಂಪ್ಯೂಟರ್ ನೆಲದ ಮೇಲೆ ಚೂರಾಗಿತ್ತು. ಧನಪಾಲ ಲೇಥಿನ ಮೂಲೆಗೆ ಒತ್ತಿಕೊಂಡು ಬಿದ್ದಿದ್ದ, ಎಡ ಹೆಗಲು ಎಲುಬು ಕಾಣುವಂತೆ ತೆರೆದಿತ್ತು. ಮುರಗೆಪ್ಪ ಎರಡನೆಯ ಏಟಿಗೆ ಕೈ ಎತ್ತಿದ್ದ.

"ಬಿಡೋ!" ಎಂದು ಚೀರಿದಳು. ಅವನು ತಿರುಗಲಿಲ್ಲ. ಬೆಂಚಿನ ಮೇಲಿದ್ದ ದೊಡ್ಡ ಪಾನಾ ಎರಡೂ ಕೈಯಲ್ಲಿ ಎತ್ತಿ ಅವನ ಮುಂಗೈಗೆ ಬೀಸಿದಳು. ಎಲುಬು ಮುರಿದದ್ದು ಅವಳ ಅಂಗೈಗೆ ತಿಳಿಯಿತು. ಕೊಯ್ತಾ ಬಿತ್ತು. ಮುರಗೆಪ್ಪ ಅಲ್ಲೇ ಕುಸಿದು, ತಮ್ಮ ಸತ್ತ ದಿನದಿಂದ ಅಳದವನು, ಬಾಯಿ ತೆರೆದು ಅತ್ತ. ಸುಮನ ಸೆರಗು ಹರಿದು ಕಾಕಾನ ಹೆಗಲಿಗೆ ಒತ್ತಿ ಹಿಡಿದಳು. ಜೀಪಿನಲ್ಲಿ ಇಬ್ಬರನ್ನೂ ಹಿಂದೆ ಮಲಗಿಸಿಕೊಂಡು ಜಮಖಂಡಿಗೆ ಹೊರಟಳು. ದಾರಿಯುದ್ದಕ್ಕೂ ಇಬ್ಬರೂ ನರಳಿದರು.

ಧನಪಾಲ ಬದುಕಿಕೊಂಡ; ಎಡಗೈ ಮಾತ್ರ ಮೇಲೆ ಏಳಲಿಲ್ಲ. ಬೀಳಗಿಯ ಕಾರ್ಖಾನೆಯವರು ಗೊಣಗುತ್ತಲೇ ಬೋಲ್ಟು ಬಿಚ್ಚಿದರು, ಹಲವು ಬೋಲ್ಟುಗಳ ಕೊರಳಲ್ಲಿ ಬಿರುಕಿತ್ತು. ಅದು ಗೊತ್ತಾದ ಮೇಲೆ ಹುಲೆಪ್ಪನ ಮೇಲಿನ ಕೇಸು ನಿಲ್ಲಲಿಲ್ಲ. ಸುಮನ ಕೋರ್ಟಿನಲ್ಲಿ ಎರಡು ಸಲ ಸಾಕ್ಷಿಕಟ್ಟೆ ಹತ್ತಿದಳು: ಒಮ್ಮೆ ಕಾಕಾನ ವಿರುದ್ಧ, ಒಮ್ಮೆ ಮುರಗೆಪ್ಪನ ವಿರುದ್ಧ. ಎರಡೂ ಸಲ ಕಂಡದ್ದನ್ನು ಕಂಡಂತೆ ಹೇಳಿದಳು. ತೇರದಾಳದ ಮನೆಯಲ್ಲಿ ಅವಳ ಜೊತೆ ಮಾತು ನಿಂತಿತು. ಜಮಖಂಡಿಯಲ್ಲಿ ಒಂದು ಖೋಲಿ ಹಿಡಿದು, ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುತ್ತ ಉಳಿದಳು. ಬೋಲ್ಟು ಬಿಟ್ಟು, ಭಾಗಗಳನ್ನು ಅಂಟಿಸಿ ಮಾಡಿದ ಲೆಕ್ಕ ತಂದವರ ಹಾಳೆಯನ್ನು ಹರಿದು ಮುಖಕ್ಕೆಸೆಯುತ್ತಿದ್ದಳು ಎಂದು ಹುಡುಗರು ಹೇಳುತ್ತಾರೆ.

ಮುರಗೆಪ್ಪ ಜೈಲಿನಿಂದ ಬಂದವನೇ ಸುಮನಳ ಖೋಲಿಗೆ ಬಂದ, ತಾಯಿಯ ಜೊತೆ. "ಹುಲೆಪ್ಪನ ಕಾಲಿಗೆ ಬೀಳಬೇಕ್ರಿ. ಒಬ್ಬಂವ ಹೋಗಾಕ ಧೈರ್ಯ ಇಲ್ಲ" ಎಂದ. ಅವಳು ಇಬ್ಬರನ್ನೂ ಲೋಕಾಪುರಕ್ಕೆ ಕರೆದೊಯ್ದಳು. ಹುಲೆಪ್ಪನ ಬಲಗೈಯ ಬೆರಳು ಆಗಲೂ ಮಡಚುತ್ತಿರಲಿಲ್ಲ. ಪಾನಾ ಬಿಟ್ಟು ಎಮ್ಮೆ ಕಟ್ಟಿಕೊಂಡಿದ್ದ. ಕಿಟಕಿಯಲ್ಲಿ ಮುರಗೆಪ್ಪನನ್ನು ಕಂಡು ಬಾಗಿಲಿಗೆ ಅಗಳಿ ಹಾಕಿದ.

"ಹುಲೆಪ್ಪಾ, ನಾನು ಸುಮನಾ" ಎಂದಳು.

"ನೀವು ಒಬ್ಬಾಕಿ ಬರ್ರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ" ಎಂದಿತು ಒಳಗಿನ ದನಿ. "ಅವನ ಮುಖ ನೋಡಿದ್ರ ನನ್ನ ಕೈ ನಡಗತೇತಿ."

ಮುರಗೆಪ್ಪ ಮುಚ್ಚಿದ ಬಾಗಿಲಿನ ಮುಂದೆ ಮಣ್ಣಿಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದ. ಬಾಗಿಲು ತೆರೆಯಲಿಲ್ಲ. ತೆರೆ ಎಂದು ಸುಮನಳೂ ಕೇಳಲಿಲ್ಲ. ಬಿಸಿಲು ಏರಿದ ಮೇಲೆ ಹುಲೆಪ್ಪನ ಹೆಂಡತಿ ಯಲ್ಲಕ್ಕ ಹಿತ್ತಲಿನಿಂದ ಸುತ್ತಿ ಬಂದಳು. ಮುರಗೆಪ್ಪನ ಕಡೆ ಕಣ್ಣೆತ್ತದೆ, ಕರೆವ್ವನ ಕೈಗೆ ಮಾತ್ರ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಹೋದಳು.