ಬಚ್ಚಲ ಕಿಟಕಿಯ ಆರ್ಕಿಡ್

ತಿರ್ಲಾಪುರದ ನಂದಾ ಮದುವೆ ಬೇಡವೆಂದು ಉಳಿದವಳು. ಅಪ್ಪ ತೀರಿಕೊಂಡ ಮೇಲೆ ತಮ್ಮ ಪ್ರಭು ಅಪ್ಪನ ಹಿಟ್ಟಿನ ಗಿರಣಿ ಮಾರಲು ಗಿರಾಕಿಯನ್ನು ಕರೆತಂದ. ನಂದಾ ಬೆಲ್ಟ್ ಏರಿಸಿ ಮೋಟಾರು ಚಾಲೂ ಮಾಡಿದಳು. ಆ ಸದ್ದಿನಲ್ಲಿ ವ್ಯಾಪಾರದ ಮಾತು ಯಾರಿಗೂ ಕೇಳಿಸಲಿಲ್ಲ. ಅಂದಿನಿಂದ ಊರಿನ ಜೋಳ ಅವಳ ಕೈಯಲ್ಲೇ ಹಿಟ್ಟಾಗುತ್ತದೆ.

ಹೋದ ವರ್ಷ ಹುಬ್ಬಳ್ಳಿಯ ಮಹಿಳಾ ಸಂಘವೊಂದು ಗಿರಣಿ ನಡೆಸುವ ಹೆಣ್ಣೆಂದು ಅವಳನ್ನು ಸನ್ಮಾನಿಸಿ, ಶಾಲಿನ ಜತೆ ನೇರಳೆ ಹೂವಿನ ಆರ್ಕಿಡ್ ಕುಂಡ ಕೊಟ್ಟಿತು. ಹೂ ಉದುರಿದ ಮೇಲೆ ಅವಳು ಗಿಡವನ್ನು ದೊಡ್ಡ ಕುಂಡದಲ್ಲಿ ಹೊಲದ ಕಪ್ಪು ಎರೆಮಣ್ಣು ತುಂಬಿ ನೆಟ್ಟು, ತುಳಸಿಗೆ ಹಾಕುವಂತೆ ದಿನವೂ ನೀರು ಹಾಕಿದಳು. ಎಲೆಗಳು ಹಳದಿಯಾಗಿ ಜೋತುಬಿದ್ದವು.

"ಸತ್ತೈತಿ ಬಿಡಕ್ಕಾ. ತಿಪ್ಪಿಗೆ ಒಗಿ," ಎಂದ ಪ್ರಭು.

"ನಡುವಿನ ಎಲಿ ಹಸರೈತಿ. ಸತ್ತದ್ದು ಹಸರ ಇರತೈತೇನು?"

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಯ ನರ್ಸರಿಗೆ ಹೋದಳು. ನರ್ಸರಿಯವನು ಒಮ್ಮೆ ನೋಡಿ, "ಇದನ್ನ ಬಿಡ್ರಿ ಅಕ್ಕಾರ, ಹೊಸಾದು ತಗೋರಿ. ನಿಮ್ಮ ಎರಿ ಸೀಮಿಗೆ ಇದು ಒಗ್ಗೂದಿಲ್ಲ," ಎಂದ.

"ಹೊಸಾದು ಬ್ಯಾಡ. ಇದು ಯಾಕ ಸಾಯಾಕತ್ತೈತಿ, ಅಷ್ಟ ಹೇಳ್ರಿ."

ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆತಿದೆ, ಇದನ್ನು ಸಿಪ್ಪೆ, ಇದ್ದಿಲಿನಲ್ಲಿ ನೆಡಬೇಕು ಎಂದು ಅವನು ಹೇಳಿದ. ಮನೆಗೆ ಬಂದ ನಂದಾ ಮೆತ್ತಗಾದ ಬೇರುಗಳನ್ನೆಲ್ಲ ಕತ್ತರಿಸಿದಳು. ಗಟ್ಟಿಯಾದವು ಕೆಲವೇ ಉಳಿದವು. ತೂತಿನ ಕುಂಡದಲ್ಲಿ ತೆಂಗಿನ ಸಿಪ್ಪೆ, ಇಸ್ತ್ರಿ ಅಂಗಡಿಯಿಂದ ತಂದು ತೊಳೆದ ಇದ್ದಿಲು ತುಂಬಿ ಗಿಡವನ್ನು ಕೂರಿಸಿದಳು. ಗಿರಣಿಯಲ್ಲಿಟ್ಟರೆ ಎಲೆಯ ಮೇಲೆ ಹಿಟ್ಟು ಕೂತಿತು. ಅಂಗಳದಲ್ಲಿಟ್ಟರೆ ಬಿಸಿಲಿಗೆ ಒಂದು ಎಲೆ ಸುಟ್ಟಿತು. ಕೊನೆಗೆ ಬಚ್ಚಲಮನೆಯ ಮೂಡಣ ಕಿಟಕಿಯಲ್ಲಿಟ್ಟಳು. ಅಲ್ಲಿ ಎಳೆಬಿಸಿಲಿತ್ತು, ಸ್ನಾನದ ಹಬೆಯೂ ಇತ್ತು.

"ನನಗ ಸಾಬೂನ ಇಡಾಕ ಜಾಗಾ ಇಲ್ಲ," ಎಂದು ಪ್ರಭು ಗೊಣಗಿದ.

"ಕೈಯಾಗ ಹಿಡ್ಕೋ."

ಮಳೆಗಾಲದಲ್ಲಿ ಹೊಸ ಎಲೆ ಬಂತು. ಚಳಿಗಾಲದಲ್ಲಿ ರಾತ್ರಿಯ ತಂಪು ತಾಗಿದರೆ ಹೂ ಬರುತ್ತದೆಂದು ನರ್ಸರಿಯವನು ಫೋನಿನಲ್ಲಿ ಹೇಳಿದ್ದ. ನಂದಾ ಕಿಟಕಿ ತೆರೆದೇ ಇಟ್ಟಳು. ಮನೆಯವರು ನಡುಗುತ್ತ ಸ್ನಾನ ಮಾಡಿ ಬೈದರು. ಅವಳು ಕಿಟಕಿ ಮುಚ್ಚಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎಲೆಯ ಸಂದಿನಿಂದ ಹೂ ಬಿಡುವ ಹಸಿರು ಕಡ್ಡಿಯೊಂದು ಹೊರಟು ಮೇಲಕ್ಕೆ ತಿರುಗಿತು. ಅಂದು ಅವಳು ಗಿರಣಿಯನ್ನು ತಡವಾಗಿ ತೆರೆದಳು.

ಕಡ್ಡಿಯ ತುಂಬ ಮೊಗ್ಗು ಕಚ್ಚಿದಾಗಲೇ ಪ್ರಭುವಿನ ಮಗಳು ರೋಹಿಣಿಯನ್ನು ನೋಡಲು ಅಣ್ಣಿಗೇರಿಯಿಂದ ಗಂಡಿನವರು ಬರುವುದೆಂದಾಯಿತು. ಕುಂಡ ಪಡಸಾಲೆಗೆ ಬರಲಿ ಎಂದ ಪ್ರಭು.

"ಈಗ ಜಾಗಾ ಬದಲಿಸಿದ್ರ ಮೊಗ್ಗಿ ಉದುರತಾವ. ಅದು ಅಲ್ಲೇ ಇರತೈತಿ."

"ಬಂದವರಿಗೆ ಬಚ್ಚಲ ತೋರಸಬೇಕೇನು?"

"ತೋರಸು. ತೊಳದ ಇಟ್ಟೇನಿ."

ಗಂಡಿನವರು ಬರುವ ಹೊತ್ತಿಗೆ ಹೂ ಅರಳಿತ್ತು. ಹುಡುಗನ ತಾಯಿ ಸುಶೀಲವ್ವ ಕೈ ತೊಳೆಯಲು ಹೋದವರು ಅಲ್ಲಿಂದಲೇ ಎಲ್ಲರನ್ನೂ ಕೂಗಿ ಕರೆದರು. ಚಹಾದ ಕಪ್ಪು ಹಿಡಿದು ಬಂದವರೆಲ್ಲ ಬಚ್ಚಲ ಬಾಗಿಲಲ್ಲಿ ನಿಂತರು.

"ನಮ್ಮ ಮನ್ಯಾಗೂ ಒಂದೈತ್ರಿ. ಒಣಗೇತಿ, ಒಗೀಬೇಕಂತ ಮಾಡೀವಿ," ಎಂದರು ಸುಶೀಲವ್ವ.

"ಒಗೀಬ್ಯಾಡ್ರಿ. ನನಗ ಕಳಸ್ರಿ," ಎಂದಳು ನಂದಾ, ತಮ್ಮನ ಮುಖ ನೋಡುತ್ತ.

ಮುಂದಿನ ವಾರ ಆ ಕುಂಡ ಬಂತು. ಕಿಟಕಿಯಲ್ಲಿ ಜಾಗ ಸಾಲದ್ದರಿಂದ ಅವಳು ಬಡಿಗೇರ ಗುಡದಪ್ಪನನ್ನು ಕರೆಸಿ ಕುಂಡ ಇಡುವ ಹಲಗೆಯನ್ನು ಅಗಲ ಮಾಡಿಸಿದಳು.